ಮಳೆ ಬಿದ್ದ ಮೇಲೆ ಸಿಡಿದ ಟೈಲ್ಸ್: ಕೊಪ್ಪಳದ ಒಬ್ಬ ಕುಂಬಾರರ ಪ್ರಕರಣ

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ರಸ್ತೆ ಬದಿ ಒಂದು ಹೊಸ ಮನೆ. ಮುಂದಿನ ಗೋಡೆಗೂ ತುಳಸಿಕಟ್ಟೆಗೂ ಕೈಯಲ್ಲಿ ಮಾಡಿದ ಮಣ್ಣಿನ ಡಿಸೈನ್ ಟೈಲ್ಸ್ ಹಾಕಿಸಿದ್ದರು. ಆರು ಇಂಚಿನ ಚೌಕ, ಮೇಲೆ ಉಬ್ಬು ಬಳ್ಳಿ, ಒಟ್ಟು ಸುಮಾರು 600. ಮೇ ತಿಂಗಳಲ್ಲಿ ಗೌಂಡಿ ಕೂರಿಸಿದ. ಗೃಹಪ್ರವೇಶಕ್ಕೆ ಬಂದವರೆಲ್ಲ ಆ ಗೋಡೆ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಮಳೆ ಬಿಟ್ಟಾಗ ನೋಡಿದರೆ ಟೈಲ್ಸ್ ಮೈಮೇಲೆ ಅಲ್ಲಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಒಂದೊಂದು ಗುಳಿಯ ತಳದಲ್ಲಿ ಬಿಳಿ ಚುಕ್ಕಿ. ಕೆಲವು ಕಡೆ ಬಳ್ಳಿಯ ಎಲೆಯೇ ಕಿತ್ತು ಬಂದಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಆರೇಳಕ್ಕೆ ಒಂದರಂತೆ ಟೈಲ್ಸ್ ಕೆಟ್ಟಿದ್ದವು.

ಮನೆ ಮಾಲೀಕರು ಬಾಕಿ ದುಡ್ಡು ಹಿಡಿದರು. ಗೌಂಡಿ "ಟೈಲ್ಸ್ ಸರಿ ಸುಟ್ಟಿಲ್ಲ" ಅಂದ. ಕುಂಬಾರರು "ನನ್ನ ಮಾಲು ಚಲೋ ಇತ್ತು, ಗಿಲಾವ್ ಮಾಡುವಾಗ ಏನೋ ಕೆಡಿಸ್ಯಾನ" ಅಂದರು. ನಾನು ಮನೆ ಪ್ಲಾನ್ ಮಾಡಿಕೊಡುವವನು. ಆ ಮನೆಯ ಪ್ಲಾನ್ ನನ್ನದೇ, ಕುಂಬಾರರನ್ನು ಪರಿಚಯ ಮಾಡಿಸಿದ್ದೂ ನಾನೇ. ಹೀಗಾಗಿ ಪಂಚಾಯ್ತಿ ನನ್ನ ಟೇಬಲ್ಲಿಗೆ ಬಂತು.

ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಕಾರಣ ಇದೆ. ಮಡಿಕೆ ಹೋಗ್ತಿಲ್ಲ ಅಂದ್ರೆ ಡಿಸೈನ್ ಟೈಲ್ಸ್ ಮಾಡಿ ಅಂತ ಕುಂಬಾರರಿಗೆ ಬುದ್ಧಿ ಹೇಳುವವರು ಈಗ ಜಾಸ್ತಿ. ಮಣ್ಣು ಅದೇ, ಕೈ ಅದೇ, ಬೆಂಕಿ ಅದೇ, ಇನ್ನೇನು ಬೇಕು ಅಂತ. ಆದರೆ ಅದು ಬೇರೆಯೇ ಕಸುಬು. ಎಷ್ಟು ಬೇರೆ ಅನ್ನೋದು ಈ ಮನುಷ್ಯರ ಕಥೆ ನೋಡಿದರೆ ತಿಳಿಯುತ್ತದೆ. ಅವರ ಹೆಸರು, ಊರು ಹಾಕುವುದಿಲ್ಲ. ಕೊಪ್ಪಳ ತಾಲ್ಲೂಕು, ತುಂಗಭದ್ರಾ ಹಿನ್ನೀರಿಗೆ ಹತ್ತಿರದ ಊರು ಅಂದರೆ ಸಾಕು. ಇಲ್ಲಿ ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ. ನಮ್ಮ ಗೌಂಡಿಗಳೂ ಹಾಗೇ ಕರೆಯುತ್ತಾರೆ.

ತಿಗರಿಯಿಂದ ಗೋಡೆಯವರೆಗೆ

ಯಜಮಾನರಿಗೆ ಈಗ ಅರವತ್ತರ ಹತ್ತಿರ. ಅವರ ಅಪ್ಪ ಊರಿನ ಆಯಗಾರ. ಸುಗ್ಗಿ ಮುಗಿದ ಮೇಲೆ ಕಣಕ್ಕೆ ಹೋಗಿ ಜೋಳ ತರುವುದು, ಅದಕ್ಕೆ ಬದಲಾಗಿ ವರ್ಷಪೂರ್ತಿ ಊರಿಗೆ ಬೇಕಾದ ಮಣ್ಣಿನ ಸಾಮಾನು ಕೊಡುವುದು. ಗಡಿಗಿ, ಕೊಡ, ಹರವಿ, ಮಗಿ. ಮದುವೆ ಮನೆಗೆ ಐರಾಣಿ. ಕಾರಹುಣ್ಣಿಮೆ ಆದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಭಾದ್ರಪದದಲ್ಲಿ ಜೋಕುಮಾರ, ದೀಪಾವಳಿಗೆ ಹಣತೆ. ಬೇಸಿಗೆಯಲ್ಲಿ ನಾಡಹೆಂಚು. ಹೆಂಚನ್ನೂ ತಿಗರಿಯ ಮೇಲೇ ಮಾಡುತ್ತಿದ್ದರು. ಉದ್ದಕ್ಕೆ ಕೊಳವೆಯಂತೆ ಎಳೆದು, ಹಸಿ ಇರುವಾಗಲೇ ಎರಡು ಸೀಳು ಮಾಡಿದರೆ ಎರಡು ಹೆಂಚು. ಒಂದಕ್ಕೊಂದು ಅಳತೆ ಹೊಂದದಿದ್ದರೂ ನಡೆಯುತ್ತಿತ್ತು. ಮಾಳಿಗೆ ಮೇಲೆ ಕೂತು ಜೋಡಿಸುವವನು ಹೊಂದಿಸಿಕೊಳ್ಳುತ್ತಿದ್ದ.

ನಾಡಹೆಂಚಿಗೆ ಪೆಟ್ಟು ಬಿದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅಚ್ಚಿನಲ್ಲಿ ಒತ್ತಿದ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹೆಂಚು. ಅದು ನಮ್ಮ ಕಡೆಯ ಹಳ್ಳಿಗಳಿಗೆ ಬರಲು ಬಹಳ ಕಾಲ ಹಿಡಿಯಿತು. ಬಂದ ಮೇಲೆ ಮಾತ್ರ ನಾಡಹೆಂಚು ನಿಲ್ಲಲಿಲ್ಲ. ಆಮೇಲೆ ಆರ್‌ಸಿಸಿ ಬಂತು. ಮಂಗಳೂರು ಹೆಂಚೂ ಹೋಯಿತು. ಅಷ್ಟರಲ್ಲಿ ಸ್ಟೀಲಿನ ಕೊಡ, ಪ್ಲಾಸ್ಟಿಕ್ ಕೊಡ ಬಂದು ಗಡಿಗಿಯೂ ಮೂಲೆ ಸೇರಿತ್ತು.

ಯಜಮಾನರು ಹರೆಯದಲ್ಲಿ ಗೋವಾಕ್ಕೆ ದುಡಿಯಲು ಹೋದರು. ಆಮೇಲೆ ಕೆಲವು ವರ್ಷ ಇಟ್ಟಂಗಿ ಭಟ್ಟಿಯಲ್ಲಿ ಕೆಲಸ. ಅಲ್ಲಿ ಅವರು ಕಲಿತದ್ದು ಬೆಂಕಿ. ಅಪ್ಪನ ಆವಿಗೆಯಲ್ಲಿ ಗಡಿಗಿ ಪೇರಿಸಿ, ನಡುನಡುವೆ ಕುಳ್ಳು, ಹುಲ್ಲು ತುಂಬಿ, ಮೇಲೆ ಬೋಕಿ ಚೂರು ಮತ್ತು ಬೂದಿ ಮುಚ್ಚಿ ರಾತ್ರಿಯಿಡೀ ಸುಡುತ್ತಿದ್ದರು. ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು. ಗಾಳಿ ಆಡಿದಲ್ಲಿ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ, ಹೊಗೆ ಕಟ್ಟಿದಲ್ಲಿ ಕಪ್ಪಾಗುತ್ತದೆ. ಇಟ್ಟಂಗಿ ಭಟ್ಟಿಯಲ್ಲಿ ಹಾಗಲ್ಲ, ಅಲ್ಲಿ ಶಾಖವನ್ನು ನಡೆಸುತ್ತಾರೆ. ಯಾವ ಕಂಡಿ ತೆರೆದರೆ ಬೆಂಕಿ ಎತ್ತ ಎಳೆಯುತ್ತದೆ ಅನ್ನುವುದು ಅವರಿಗೆ ಕೈಗೆ ಹತ್ತಿತು.

ಊರಿಗೆ ಮರಳಿದ ಮೇಲೆ ಖಾನಾಪುರಕ್ಕೆ ತರಬೇತಿಗೆ ಹೋದರು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಪಿಒಪಿ ಅಚ್ಚು ಮಾಡುವುದು, ಮಣ್ಣನ್ನು ರಾಡಿ ಮಾಡಿ ಸೋಸುವುದು, ಗಾಜಿನ ಮೆರುಗು ಕೊಡುವುದು ಎಲ್ಲ ಅಲ್ಲಿ ಕಂಡರು. ಅದರಲ್ಲಿ ಒಂದನ್ನು ಊರಿಗೆ ಬಂದ ಮೇಲೆ ಬಿಟ್ಟುಬಿಟ್ಟರು, ಅದೇ ಮುಂದೆ ಮುಳುವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಒಮ್ಮೆ ಬೀದರಿಗೂ ಹೋಗಿದ್ದರು. 1472ರ ಮಹಮೂದ್ ಗಾವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಬಣ್ಣದ ಟೈಲ್ಸ್ ನೋಡಿ ಬಂದಿದ್ದರು. ಐದೂವರೆ ಶತಮಾನ ಆದರೂ ನೀಲಿ ಮಾಸಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ಬಹಳಷ್ಟು ಉದುರಿ ಹೋಗಿರುವುದನ್ನು ಮಾತ್ರ ಹೇಳುವುದಿಲ್ಲ!

ಟೈಲ್ಸ್ ಶುರುವಾದದ್ದು ಒಂದು ತುಳಸಿಕಟ್ಟೆಯಿಂದ. ಊರಿನವರೊಬ್ಬರು ಕಟ್ಟೆಯ ನಾಲ್ಕು ಮುಖಕ್ಕೆ ಏನಾದರೂ ಮಾಡಿಕೊಡಿ ಅಂದರು. ಇವರು ಇಟಗಿಯ ಮಹಾದೇವ ದೇವಸ್ಥಾನದ ಬಳ್ಳಿ ನೋಡಿ ಅಚ್ಚು ಮಾಡಿದರು. 1112ರ ಗುಡಿ ಅದು, ದೇವಾಲಯ ಚಕ್ರವರ್ತಿ ಅಂತ ಶಾಸನದಲ್ಲೇ ಹೊಗಳಿಸಿಕೊಂಡದ್ದು. ಅಲ್ಲಿನ ಬಾಗಿಲವಾಡದ ಕೆತ್ತನೆ ಎಷ್ಟು ಸೂಕ್ಷ್ಮ ಅಂದರೆ ಹಾಗೇ ಮಣ್ಣಿಗೆ ಇಳಿಸಲು ಆಗುವುದಿಲ್ಲ. ಇವರು ಐದಾರು ಎಲೆ ಬಿಟ್ಟು ಒಂದು ಸುರುಳಿ ಮಾತ್ರ ಹಿಡಿದರು. ಅದೇ ಚೆಂದ ಬಂತು. ಒಂದರ ಪಕ್ಕ ಒಂದು ಇಟ್ಟರೆ ಬಳ್ಳಿ ಮುಂದುವರಿಯುತ್ತದೆ. ಆನೆಗೊಂದಿ ಸುತ್ತಮುತ್ತಲಿನ ಹೋಮ್‌ಸ್ಟೇಗಳವರು ಕೇಳಿಕೊಂಡು ಬರತೊಡಗಿದರು. 2020ರಲ್ಲಿ ಹಂಪಿಯ ಎದುರಿಗೆ ಹೊಳೆ ನಡುವೆ ಇರುವ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ತೆರವು ಮಾಡಿದರು, ಹಿಂದೆಯೇ ಕೊರೊನಾ ಬಂತು. ಕೆಲಸ ಪೂರ್ತಿ ನಿಂತಿತು. ಮತ್ತೆ ಕೈಗೆ ಹತ್ತಿದ್ದು ಮನೆ ಕಟ್ಟುವವರಿಂದ.

ಇಲ್ಲೊಂದು ಮಾತು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಉಪಕರಣಕ್ಕೆ 15,000 ರೂಪಾಯಿ, ಮೊದಲ ಕಂತಿನ ಸಾಲ ಒಂದು ಲಕ್ಷ, ಬಡ್ಡಿ ಶೇ. 5. ಒಳ್ಳೆಯದೇ. ಆದರೆ ಕುಂಬಾರ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ತಿಗರಿ. ಕರೆಂಟಿನ ತಿಗರಿ ಕೊಟ್ಟರೆ ಕೆಲಸ ಆಯಿತು ಅನ್ನುವ ಲೆಕ್ಕ. ಟೈಲ್ಸ್ ಮಾಡುವವರಿಗೆ ತಿಗರಿಯಿಂದ ನಯಾಪೈಸೆ ಉಪಯೋಗ ಇಲ್ಲ. ಅವರಿಗೆ ಬೇಕಾದದ್ದು ಜರಡಿ, ಸೋಸುವ ತೊಟ್ಟಿ, ಅಚ್ಚು, ಹಲಗೆ, ಒಳ್ಳೆಯ ಭಟ್ಟಿ.

ಮೊದಲ ತೊಡಕು ಅಳತೆ

ಮಣ್ಣು ಒಣಗಿದರೆ ಕುಗ್ಗುತ್ತದೆ, ಸುಟ್ಟರೆ ಇನ್ನಷ್ಟು ಕುಗ್ಗುತ್ತದೆ. ಗಡಿಗಿ ಒಂದು ಬೆರಳು ಚಿಕ್ಕದಾದರೆ ಯಾರೂ ಕೇಳುವುದಿಲ್ಲ. ಟೈಲ್ಸ್ ಕಾಲು ಇಂಚು ಕಡಿಮೆಯಾದರೆ ಗೌಂಡಿ ಕೆಲಸ ನಿಲ್ಲಿಸುತ್ತಾನೆ.

ಕೊಪ್ಪಳದ ಕಡೆ ಎರಿ ಮತ್ತು ಮಸಾರಿ ಎರಡೂ ಉಂಟು. ಎರಿ ಅಂದರೆ ಕರಿಮಣ್ಣು. ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಎರಿ ಹೊಲದ ಬಿರುಕಿನಲ್ಲಿ ಕೈ ಇಳಿಸಬಹುದು. ಮಸಾರಿ ಕೆಂಪು, ಉಸುಕು ಜಾಸ್ತಿ, ಅಂಟು ಕಡಿಮೆ. ಕೆರೆಯಲ್ಲಿ ಎರಡೂ ಹರಿದು ಬಂದು ಕೂಡುತ್ತವೆ. ಅದಕ್ಕೇ ಕುಂಬಾರರಿಗೆ ಕೆರೆ ಮಣ್ಣೇ ಬೇಕು. ಇವರ ಕೆರೆ ಮಣ್ಣು ಹಸಿಯಿಂದ ಸುಟ್ಟಾಗುವವರೆಗೆ ನೂರಕ್ಕೆ 11ರಷ್ಟು ಕುಗ್ಗುತ್ತಿತ್ತು. ಅಂದರೆ ಆರು ಇಂಚಿನ ಟೈಲ್ಸ್ ಬೇಕಾದರೆ ಅಚ್ಚು ಆರೂ ಮುಕ್ಕಾಲು ಇಂಚು ಇರಬೇಕು. ಅಷ್ಟು ಕುಗ್ಗುವ ಮಣ್ಣು ಎಲ್ಲ ಕಡೆ ಸಮವಾಗಿ ಕುಗ್ಗುವುದಿಲ್ಲ. ಮೇಲ್ಮೈ ಮೊದಲು ಒಣಗಿ ನಾಲ್ಕೂ ಮೂಲೆ ಮೇಲೆ ಏಳುತ್ತವೆ.

ಇದಕ್ಕೆ ಅವರೇ ದಾರಿ ಹುಡುಕಿಕೊಂಡಿದ್ದರು. ಒಡೆದ ಗಡಿಗಿಯ ಬೋಕಿ ಕುಟ್ಟಿ ಪುಡಿ ಮಾಡಿ ಮಣ್ಣಿಗೆ ಕಲಸಿದರು. ಒಮ್ಮೆ ಸುಟ್ಟ ಮಣ್ಣು ಮತ್ತೆ ಕುಗ್ಗುವುದಿಲ್ಲವಲ್ಲ. ಕುಗ್ಗುವುದು ನೂರಕ್ಕೆ 8ಕ್ಕೆ ಇಳಿಯಿತು, ಅಚ್ಚು ಆರೂವರೆ ಇಂಚಿಗೆ ಬಂತು. ಒತ್ತಿದ ಟೈಲ್ಸನ್ನು ಹಲಗೆ ಮೇಲಿಟ್ಟು ಹಸಿ ಗೋಣಿಚೀಲ ಹೊದಿಸಿ, ದಿನಕ್ಕೊಮ್ಮೆ ಮಗುಚಿ ಹಾಕುವುದು. ಇಷ್ಟಾದರೂ ನೂರು ಒತ್ತಿದರೆ ಎಪ್ಪತ್ತೆಂಬತ್ತು ಮಾತ್ರ ಗೋಡೆಗೆ ಹೋಗುವಂತಿದ್ದವು. ಉಳಿದವು ಮತ್ತೆ ಬೋಕಿ.

ರೇಟು ಕಟ್ಟುವಾಗ ಇದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಂದಕ್ಕೆ 45 ರೂಪಾಯಿ. ಚದರ ಅಡಿಗೆ ನಾಲ್ಕು ಬೀಳುತ್ತವೆ, ಅಂದರೆ 180. ಒಟ್ಟು ಬಿಲ್ಲು 27,000. ಮಣ್ಣು ಪುಕ್ಕಟೆ, ಕಟ್ಟಿಗೆ ಬಳ್ಳಾರಿ ಜಾಲಿ, ಗಂಗಾವತಿಯ ರೈಸ್‌ಮಿಲ್ಲಿಂದ ಭತ್ತದ ಹೊಟ್ಟು. ಗಂಡ ಹೆಂಡತಿ ದುಡಿಮೆಗೆ ಬೆಲೆ ಹಾಕಿದವರು ಯಾರು? ಈ ಬಿಲ್ಲಿನಲ್ಲಿ 9,000 ಮಾಲೀಕರ ಹತ್ತಿರ ಬಾಕಿ ನಿಂತಿತ್ತು.

ಯಾರ ತಪ್ಪು ಅಂತ ಹುಡುಕಿದ್ದು

ಮೊದಲು ಗೋಡೆಯನ್ನೇ ಸರಿಯಾಗಿ ನೋಡಿದೆವು. ನೋಡಿದರೆ ಬಿಳಿ ಎರಡು ತರ ಇತ್ತು. ಕೆಳಗಿನ ಎರಡು ಸಾಲಿನ ಮೇಲೆ ತೆಳ್ಳಗೆ ಹಿಟ್ಟಿನಂತೆ ಕೂತ ಬಿಳಿ. ಬೆರಳಲ್ಲಿ ಒರೆಸಿದರೆ ಹೋಗುತ್ತಿತ್ತು, ನಾಲಿಗೆಗೆ ಉಪ್ಪು. ಮತ್ತೊಂದು ಗುಳಿಯ ತಳದ ಬಿಳಿ ಚುಕ್ಕಿ. ಇದು ಎಲ್ಲ ಸಾಲಿನಲ್ಲೂ ಇತ್ತು, ಒರೆಸಿದರೆ ಹೋಗುತ್ತಿರಲಿಲ್ಲ. ಮಾಲೀಕರು ಎರಡನ್ನೂ ಒಂದೇ ರೋಗ ಅಂದುಕೊಂಡಿದ್ದರು. ಜಗಳ ಬಗೆಹರಿಯದೇ ಇದ್ದದ್ದು ಅದಕ್ಕೇ. ಗೌಂಡಿ ಒಂದನ್ನು ತೋರಿಸಿ ವಾದ ಮಾಡುತ್ತಿದ್ದ, ಯಜಮಾನರು ಇನ್ನೊಂದನ್ನು ತೋರಿಸುತ್ತಿದ್ದರು.

ಉಪ್ಪಿನ ಬಿಳಿ ಸವಳು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆ ಸೀಮೆಯಲ್ಲಿ ಸವಳು ಜವಳು ಹೊಸದಲ್ಲ. ಅಲ್ಲಿ ಸಿಮೆಂಟ್ ಕಲಸಿದ್ದು, ಕ್ಯೂರಿಂಗ್ ಮಾಡಿದ್ದು ಎಲ್ಲ ಬೋರ್ ನೀರಿನಲ್ಲಿ. ನೀರಿನಲ್ಲಿ ಕರಗಿದ ಉಪ್ಪು ಟೈಲ್ಸಿನ ಸಣ್ಣ ರಂಧ್ರಗಳ ಮೂಲಕ ಹೊರಗೆ ಬಂದು, ನೀರು ಆರಿದ ಮೇಲೆ ಮೈಮೇಲೆ ಉಳಿಯುತ್ತದೆ. ಇದಕ್ಕೆ ಟೈಲ್ಸ್ ಕಾರಣವಲ್ಲ. ಮಾಲೀಕರ ಮನೆಯಲ್ಲಿ ದಿನಾ ಪೈಪ್ ಹಿಡಿದು ತೊಳೆಯುತ್ತಿದ್ದರು. ಅದು ತಪ್ಪು ಮದ್ದು. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣಗಿದಾಗ ಬ್ರಷ್‌ನಿಂದ ಉಜ್ಜಿ ಉದುರಿಸಬೇಕು.

ಗುಳಿಯ ವಿಷಯ ಮಾತ್ರ ಬೇರೆ. ಅದನ್ನು ಕಂಡುಹಿಡಿದದ್ದು ಯಜಮಾನರ ಮನೆಯವರು, ಅಂದರೆ ಅವರ ಹೆಂಡತಿ. ಅವರು ಗೋಡೆಯನ್ನು ನೋಡಿದ್ದು ಮಗನ ಫೋನಿನಲ್ಲಿ. ನೋಡಿದವರು ಏನೂ ಹೇಳದೆ ಹಿತ್ತಿಲಿಗೆ ಹೋಗಿ, ಆ ಆರ್ಡರಿನಲ್ಲಿ ಮಿಕ್ಕಿದ್ದ ಟೈಲ್ಸ್ ತಂದರು. ತಗಡಿನ ಚಪ್ಪರದ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದವು. ಒಂದು ತೊಟ್ಟು ಸಿಮೆಂಟ್ ತಾಗಿಲ್ಲ, ಗೌಂಡಿಯ ಕೈ ತಾಗಿಲ್ಲ. ಅವುಗಳಲ್ಲೂ ಗುಳಿ ಬಿದ್ದಿದ್ದವು.

ಗೌಂಡಿ ಅಲ್ಲಿಗೆ ಪಾರಾದ.

ಆಮೇಲೆ ಅವರು ಅಡುಗೆ ಮನೆಯಿಂದ ಅರಿಶಿನ ತಂದು ನೀರಲ್ಲಿ ಕಲಸಿ, ಕಡ್ಡಿಯ ತುದಿಯಿಂದ ಗುಳಿಯ ಬಿಳಿ ಚುಕ್ಕಿಗೆ ಮುಟ್ಟಿಸಿದರು. ಹಳದಿ ನೋಡ ನೋಡುತ್ತ ಕೆಂಪಾಯಿತು. ಪಕ್ಕದಲ್ಲಿ ಬರೀ ಟೈಲ್ಸಿನ ಮೇಲೆ ಹಚ್ಚಿದ್ದು ಹಳದಿಯಾಗೇ ಉಳಿಯಿತು. "ಸುಣ್ಣ ಐತ್ರಿ ಇದು. ಆರತಿ ತಾಟಿಗೆ ಓಕುಳಿ ಕಲಸೂದಿಲ್ಲೇನು ನಾವು?" ಅಂದರು. ಇಷ್ಟೇ ಪರೀಕ್ಷೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವುದೇ. ಗೋಡೆಯ ಮೇಲಿದ್ದ ಟೈಲ್ಸಿಗೆ ಇದೇ ಪರೀಕ್ಷೆ ಮಾಡಿದ್ದರೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸಿಮೆಂಟಿನಲ್ಲೂ ಸುಣ್ಣದ ಗುಣ ಇದೆ, ಅದಕ್ಕೂ ಅರಿಶಿನ ಕೆಂಪಾಗುತ್ತದೆ. ಚಪ್ಪರದ ಟೈಲ್ಸ್ ಸಿಕ್ಕಿದ್ದೇ ಪುಣ್ಯ.

ಹಸಿ ಮಣ್ಣನ್ನೂ ನೋಡಿದೆವು. ಮಣ್ಣಿನ ಹೆಂಟೆ ಒಡೆದು, ಜೋಳದ ಕಾಳಿಗಿಂತ ಚಿಕ್ಕ ಹರಳುಗಳನ್ನು ಆರಿಸಿ, ಬಾತ್‌ರೂಮ್ ತೊಳೆಯುವ ಆಸಿಡ್ ಒಂದೆರಡು ಹನಿ ಹಾಕಿದರೆ ಕೆಲವು ಹರಳು ನೊರೆ ಉಕ್ಕಿಸಿದವು. ಉಕ್ಕದೇ ಇದ್ದವು ಬೆಣಚು. ಉಕ್ಕಿದವು ಸುಣ್ಣದ ಹರಳು. ಎರಿ ಮಣ್ಣಿನಲ್ಲಿ ಈ ಹರಳು ಇರುವುದು ಸಹಜ.

ಅದೇ ಕೆರೆ, ಅದೇ ಮಣ್ಣು

ಇಲ್ಲಿಗೆ ಕಾರಣ ಸಿಕ್ಕಿತು ಅಂದುಕೊಂಡರೆ ಯಜಮಾನರು ಒಪ್ಪಲಿಲ್ಲ. "ಅಪ್ಪನ ಕಾಲದಿಂದ ಇದ ಕೆರಿ ಮಣ್ಣು ತಂದೀವ್ರಿ. ಒಂದು ಗಡಿಗಿ ಹಿಂಗ ಸಿಡದಿದ್ದು ನಾ ನೋಡಿಲ್ಲ. ಈಗ್ಯಾಕ ಸಿಡೀಬೇಕು?"

ಪ್ರಶ್ನೆ ಸರಿಯಾಗೇ ಇತ್ತು. ಈ ಪ್ರಕರಣದ ತಿರುಳೂ ಅದೇ.

ಸುಣ್ಣದ ಹರಳು ಸುಮ್ನೆ ಮಣ್ಣಲ್ಲಿದ್ದರೆ ಏನೂ ಮಾಡುವುದಿಲ್ಲ. ಅದು ಕಲ್ಲು. ಅದಕ್ಕೆ ತಕ್ಕಷ್ಟು ಶಾಖ ಕೊಟ್ಟರೆ ಒಳಗಿನ ಗಾಳಿ ಹೊರಟುಹೋಗಿ ಸುಟ್ಟ ಸುಣ್ಣ ಆಗುತ್ತದೆ. ಸುಣ್ಣದ ಗೂಡಿನಲ್ಲಿ ನಡೆಯುವುದೂ ಇದೇ. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಅರಳುತ್ತದೆ, ಗಾತ್ರ ಸುಮಾರು ಎರಡು ಪಟ್ಟು ಆಗುತ್ತದೆ. ಟೈಲ್ಸ್ ಒಳಗೆ ಅರಳಲು ಜಾಗ ಎಲ್ಲಿದೆ? ಮೇಲಿನ ಮಣ್ಣಿನ ಚಕ್ಕೆಯನ್ನು ಎತ್ತಿ ಒಗೆಯುತ್ತದೆ. ಗುಳಿ ಬೀಳುವುದು ಹೀಗೆ.

ಅಪ್ಪನ ಆವಿಗೆಯ ಶಾಖ 700 ಡಿಗ್ರಿಯ ಆಸುಪಾಸು. ಆ ಶಾಖಕ್ಕೆ, ಅದೂ ಒಂದು ರಾತ್ರಿಯ ಉರಿಗೆ, ಹರಳು ಹೆಚ್ಚು ಕಡಿಮೆ ಕಲ್ಲಾಗೇ ಉಳಿಯುತ್ತದೆ. ಮಗ ಯಜಮಾನರಿಗೆ ಹೊಸ ಭಟ್ಟಿ ಕಟ್ಟಿಸಿಕೊಟ್ಟಿದ್ದ. ಕೆಳಗೆ ಬೆಂಕಿ ಬಾಯಿ, ನಡುವೆ ಜಾಲಂಧ್ರದ ನೆಲ, ಮೇಲೆ ಹೊಗೆ ಕಂಡಿ. ಮಳೆಗೆ ನಿಲ್ಲುವ ಗೋಡೆಗೆ ಗಟ್ಟಿ ಟೈಲ್ಸ್ ಬೇಕು, ಬಡಿದರೆ ಠಣ್ ಅನ್ನಬೇಕು ಅಂತ ಅವರು ಜಾಲಿ ಕಟ್ಟಿಗೆ ಹಾಕಿ ಉರಿಸಿ 900 ದಾಟಿಸುತ್ತಿದ್ದರು. ಟೈಲ್ಸ್ ಗಟ್ಟಿಯೇ ಆದವು. ಜೊತೆಗೆ ಒಳಗಿದ್ದ ಹರಳುಗಳೆಲ್ಲ ಸುಟ್ಟ ಸುಣ್ಣ ಆದವು. ಕೆಲಸ ಸುಧಾರಿಸಲು ಹೋದದ್ದೇ ಕೆಲಸ ಕೆಡಿಸಿತು.

ಇನ್ನೊಂದು ಕಾರಣವೂ ಸೇರಿಕೊಂಡಿತ್ತು. ಇದನ್ನು ಹೇಳಿದ್ದು ಯಜಮಾನರೇ, ಸ್ವಲ್ಪ ಹೊತ್ತು ಸುಮ್ಮನೆ ಕೂತ ಮೇಲೆ. ತಿಗರಿ ಮೇಲೆ ಗಡಿಗಿ ಎಳೆಯುವಾಗ ಮಣ್ಣಿನ ಪ್ರತಿ ತುಣುಕೂ ಬೆರಳ ನಡುವೆ ಹಾದು ಹೋಗುತ್ತದೆ. ಹರಳು ಸಿಕ್ಕರೆ ಬೆರಳಿಗೆ ಚುಚ್ಚುತ್ತದೆ. ಕುಂಬಾರ ತಿಗರಿ ನಿಲ್ಲಿಸದೆ ಉಗುರಿನಿಂದ ಕಿತ್ತು ಎಸೆಯುತ್ತಾನೆ. ಅದು ಅವನಿಗೆ ಕೆಲಸ ಅಂತಲೂ ಅನ್ನಿಸುವುದಿಲ್ಲ. ಅಚ್ಚಿನ ಕೆಲಸದಲ್ಲಿ ಮಣ್ಣಿನ ಉಂಡೆ ಇಟ್ಟು ಗುದ್ದಿ ಒತ್ತಿದರೆ ಮುಗಿಯಿತು. ಒಳಗೆ ಏನಿದೆ ಅಂತ ಬೆರಳಿಗೆ ಗೊತ್ತೇ ಆಗುವುದಿಲ್ಲ. ಖಾನಾಪುರದಲ್ಲಿ ರಾಡಿ ಮಾಡಿ ಸೋಸಲು ಹೇಳಿಕೊಟ್ಟಿದ್ದು ಇದಕ್ಕೇ. ಊರಿಗೆ ಬಂದ ಮೇಲೆ ಅದೊಂದು ಹೆಚ್ಚಿನ ರಗಳೆ ಅನ್ನಿಸಿ ಬಿಟ್ಟಿದ್ದರು. ಅಲ್ಲಿ ಮಣ್ಣು ಬೇರೆ, ನಮ್ಮ ಮಣ್ಣು ನನಗೆ ಗೊತ್ತು ಅನ್ನುವ ಧೈರ್ಯ. ಗಡಿಗಿಯ ಮಟ್ಟಿಗೆ ಆ ಧೈರ್ಯ ಸರಿಯೇ ಆಗಿತ್ತು.

ಸುಟ್ಟದ್ದು ಬೇಸಿಗೆಯಲ್ಲಿ. ಕೊಪ್ಪಳದ ಏಪ್ರಿಲ್ ಒಣಗಾಳಿಯಲ್ಲಿ ಸುಣ್ಣ ಅರಳಲು ತೇವ ಎಲ್ಲಿಂದ ಬರಬೇಕು? ಹೀಗಾಗಿ ಗೃಹಪ್ರವೇಶದ ದಿನ ಎಲ್ಲ ಚೆನ್ನಾಗಿತ್ತು.

ಲೆಕ್ಕ ಚುಕ್ತಾ ಆದದ್ದು

ಮೂವರನ್ನೂ ಕೂರಿಸಿ ಮಾತಾಡಿದೆವು. ಗೌಂಡಿ ಬರುವಾಗ ಬಹಳ ಜೋರಾಗಿದ್ದ. ಸವಳಿನ ವಿಷಯ ಬಂದ ಮೇಲೆ ತಣ್ಣಗಾದ. ಕೊನೆಗೆ ಆದದ್ದು ಇಷ್ಟು. ಕೆಟ್ಟ ಟೈಲ್ಸ್ ಬದಲಿಗೆ ಯಜಮಾನರು ಹೊಸದು ಕೊಡುವುದು, ಅದಕ್ಕೆ ದುಡ್ಡಿಲ್ಲ. ಕಿತ್ತು ಕೂರಿಸುವ ಕೂಲಿಯಲ್ಲಿ ಅರ್ಧ ಗೌಂಡಿ ಬಿಡುವುದು, ಅರ್ಧ ಮಾಲೀಕರು ಕೊಡುವುದು. ಬಾಕಿ 9,000ವನ್ನು ಮುಂದಿನ ಮಳೆಗಾಲ ಕಳೆದ ಮೇಲೆ ಕೊಡುವುದು. ಯಜಮಾನರು ಕೊನೆಯದಕ್ಕೆ ಒಪ್ಪಿದ್ದು ನನಗೆ ಆಶ್ಚರ್ಯ. ವರ್ಷ ಕಾಯುವುದು ಅವರಿಗೆ ಸುಲಭ ಇರಲಿಲ್ಲ. ಕೇಳಿದ್ದಕ್ಕೆ, "ಗಡಿಗಿ ಒಡದ್ರ ಬೈಕೋತ ಇನ್ನೊಂದು ಒಯ್ತಿದ್ರು, ಅಲ್ಲಿಗೆ ಮುಗೀತು. ಗ್ವಾಡಿಗೆ ಹಚ್ಚಿದ್ದು ಕೆಟ್ರ ಬಂದವರಿಗೆಲ್ಲ ನನ್ನ ಹೆಸರು ಹೇಳ್ತಾರ" ಅಂದರು.

ಮಾಲೀಕರು ಅಷ್ಟರಲ್ಲಿ ಕಾರ್ಖಾನೆ ಟೈಲ್ಸ್ ಹಾಕಿಸಿಬಿಡುವ ಯೋಚನೆಯಲ್ಲೂ ಇದ್ದರು. ಗುಜರಾತಿನ ಮೋರ್ಬಿಯಿಂದ ಬರುವ ಮಾಲು ನಮ್ಮ ಅಂಗಡಿಗಳಲ್ಲಿ ತುಂಬಿದೆ. ಹೋಲಿಕೆ ಮಾಡುವುದು ತಪ್ಪಲ್ಲ, ಆದರೆ ಸರಿಯಾಗಿ ಮಾಡಬೇಕು. ವಿಟ್ರಿಫೈಡ್ ಟೈಲ್ಸ್ ಅಂದರೆ ಒಣ ಪುಡಿಯನ್ನು ಭಾರೀ ಒತ್ತಡದಲ್ಲಿ ಅದುಮಿ, 1,200 ಡಿಗ್ರಿ ಹತ್ತಿರ ಸುಟ್ಟದ್ದು. ನೀರು ಹೀರುವುದು ನೂರಕ್ಕೆ ಅರ್ಧ ಕೂಡ ಇಲ್ಲ. ಯಜಮಾನರ ಟೈಲ್ಸನ್ನು ಒಣಗಿಸಿ ತೂಗಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿಟ್ಟು ಮತ್ತೆ ತೂಗಿದರೆ ನೂರಕ್ಕೆ 12ರಷ್ಟು ಹೆಚ್ಚು ತೂಗುತ್ತದೆ. ಇದು ಬಚ್ಚಲಿಗೆ ಆಗುವ ಮಾಲಲ್ಲ, ಈಜುಕೊಳಕ್ಕಂತೂ ಅಲ್ಲವೇ ಅಲ್ಲ. ಗೋಡೆಯ ಅಂದಕ್ಕೆ ಇದು. ಇದನ್ನು ಮೊದಲೇ ಹೇಳಿ ಮಾರಿದರೆ ಜಗಳವೇ ಇರುವುದಿಲ್ಲ, ಅಲ್ವಾ?

ಈಗ ಹೇಗೆ ಮಾಡುತ್ತಾರೆ

ಮಣ್ಣನ್ನು ತೊಟ್ಟಿಯಲ್ಲಿ ನೆನೆಸಿ ಅಂಬಲಿ ಹದಕ್ಕೆ ರಾಡಿ ಮಾಡುತ್ತಾರೆ. 60 ನಂಬರ್ ಜರಡಿಯಲ್ಲಿ ಸೋಸುತ್ತಾರೆ. ಅದರ ಕಣ್ಣು ಕಾಲು ಮಿಲಿಮೀಟರ್. ಅದಕ್ಕಿಂತ ನುಣ್ಣಗಿನ ಸುಣ್ಣ ಒಳಗೆ ಹೋದರೂ ಚಿಂತೆ ಇಲ್ಲ, ಚಕ್ಕೆ ಎಬ್ಬಿಸುವಷ್ಟು ಕಸುವು ಅದಕ್ಕಿರುವುದಿಲ್ಲ. ಸೋಸಿದ ರಾಡಿಯನ್ನು ತಿಳಿಯಾಗಲು ಬಿಟ್ಟು, ಮೇಲಿನ ನೀರು ಬಸಿದು, ಕೆಳಗಿನ ಮಣ್ಣನ್ನು ಹಳೇ ಸೀರೆ ಹಾಸಿದ ಇಟ್ಟಂಗಿ ಮಡಿಯಲ್ಲಿ ಆರಿಸುತ್ತಾರೆ. ಬೋಕಿ ಪುಡಿ ಸೇರುವುದು ಆಮೇಲೆ. ಅದನ್ನೂ ಜರಡಿ ಹಿಡಿಯುತ್ತಾರೆ, ಯಾಕಂದರೆ ಕೆಟ್ಟ ಟೈಲ್ಸಿನ ಬೋಕಿಯಲ್ಲೂ ಸುಣ್ಣದ ಹರಳು ಇರುತ್ತದೆ. ತುಳಿಯುವ, ನಾದುವ ಕೆಲಸ ಮೊದಲಿನಂತೆಯೇ ಮನೆಯವರದ್ದು. ಮೇಲೆ ಬಳಿಯುವ ಕೆಮ್ಮಣ್ಣಿನ ಹದವೂ ಅವರದ್ದೇ. ಅದಕ್ಕೆ ಯಜಮಾನರು ಕೈ ಹಾಕುವುದಿಲ್ಲ.

ಭಟ್ಟಿಯ ಶಾಖ ನೋಡಲು ಮಗ ಕೆ-ಟೈಪ್ ಥರ್ಮೋಕಪಲ್ ತಂದುಕೊಟ್ಟಿದ್ದಾನೆ. ಅವನು ಗಿಣಿಗೇರಾ ಕಡೆ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ, ಅಂಥ ಸಾಮಾನು ಅವನಿಗೆ ದಿನಾ ನೋಡಿದ್ದು. ಅಪ್ಪ ಮಾತ್ರ ಇವತ್ತಿಗೂ ಮೊದಲು ಕಂಡಿಯಲ್ಲಿ ಇಣುಕಿ ಬಣ್ಣ ನೋಡುತ್ತಾರೆ, ಆಮೇಲೆ ಮೀಟರ್ ನೋಡುತ್ತಾರೆ. ಎರಡೂ ಹೊಂದಿದರೆ ಮುಖ ಅರಳುತ್ತದೆ. 573 ಡಿಗ್ರಿ ದಾಟುವ ಹೊತ್ತಿಗೆ ಉರಿ ತಗ್ಗಿಸಿ ಮೆಲ್ಲಗೆ ಏರಿಸುತ್ತಾರೆ. ಉಸುಕಿನಲ್ಲಿರುವ ಬೆಣಚು ಆ ಶಾಖದಲ್ಲಿ ಒಮ್ಮೆಲೇ ಹಿಗ್ಗುತ್ತದೆ, ಅವಸರ ಮಾಡಿದರೆ ಟೈಲ್ಸ್ ಸೀಳುತ್ತವೆ. ಮೊದಲು ಇದನ್ನು "ಕೆಂಪು ಏರೂ ಮೊದ್ಲ ಅವಸರ ಬ್ಯಾಡ" ಅಂತ ಅಂದಾಜಿನ ಮೇಲೆ ಮಾಡುತ್ತಿದ್ದರು. ಅಂದಾಜು ಸರಿಯೇ ಇತ್ತು ಅಂತ ಮೀಟರ್ ಬಂದ ಮೇಲೆ ಗೊತ್ತಾಯಿತು.

ಭಟ್ಟಿಯಿಂದ ತೆಗೆದ ಟೈಲ್ಸನ್ನು ನೀರಿನ ತೊಟ್ಟಿಗೆ ಇಳಿಸಿ ಚೆನ್ನಾಗಿ ನೆನೆಸಿ ತೆಗೆಯುತ್ತಾರೆ. ಒಳಗೆಲ್ಲಾದರೂ ಸುಟ್ಟ ಸುಣ್ಣ ಉಳಿದಿದ್ದರೆ ನೀರು ಜಾಸ್ತಿಯಾಗಿ ಅದು ಅರಳುವ ಬದಲು ತೆಳ್ಳಗಾಗಿ ರಂಧ್ರಗಳಲ್ಲಿ ಹರಡಿಕೊಳ್ಳುತ್ತದೆ. ಇಟ್ಟಂಗಿಯವರಿಗೂ ಗೊತ್ತಿರುವ ಉಪಾಯ ಇದು.

ಇಷ್ಟಾದ ಮೇಲೂ ನಂಬಿಕೆ ಸಾಲದು. ಪ್ರತಿ ಭಟ್ಟಿಯಿಂದ ನಾಲ್ಕೈದು ಟೈಲ್ಸ್ ಎತ್ತಿಕೊಂಡು ಇಡ್ಲಿ ಪಾತ್ರೆಯಲ್ಲಿ ಮೂರು ತಾಸು ಹಬೆಗೆ ಇಡುತ್ತಾರೆ. ಮಳೆಗಾಲದಲ್ಲಿ ನಿಧಾನವಾಗಿ ಸಿಡಿಯುವುದು ಹಬೆಯಲ್ಲಿ ಅಂದೇ ಸಿಡಿಯುತ್ತದೆ. ಮೊದಲ ಸಲ ಮನೆಯ ಇಡ್ಲಿ ಪಾತ್ರೆಯನ್ನೇ ಹತ್ತಿಸಿದ್ದರು. ದೊಡ್ಡ ರಾದ್ಧಾಂತ ಆಯಿತು. ಈಗ ಅದಕ್ಕೆ ಅಂತಲೇ ಸಂತೆಯಿಂದ ಹಳೇ ಪಾತ್ರೆ ತಂದಿದ್ದಾರೆ.

ಟೈಲ್ಸ್ ಹಿಂದುಗಡೆ ಗಿಲಾವ್ ಹಿಡಿಯಲು ಗೀರು ಹಾಕುವ ಜಾಗದಲ್ಲಿ ಒಂದು ಸಣ್ಣ ಮುದ್ರೆ ಒತ್ತುತ್ತಾರೆ. ಯಾವ ಭಟ್ಟಿಯದ್ದು ಅಂತ ಅದರಿಂದ ತಿಳಿಯುತ್ತದೆ. ಬಿಲ್ಲಿನ ಮೇಲೆ ಮಗ ಮೂರು ಸಾಲು ಅಚ್ಚು ಹಾಕಿಸಿದ್ದಾನೆ. ನೀರು ನಿಲ್ಲುವ ಜಾಗಕ್ಕೆ ಬಳಸಬಾರದು. ಸವಳು ನೀರಿನಲ್ಲಿ ಸಿಮೆಂಟ್ ಕಲಸಬಾರದು. ಒಂದು ಮಳೆಗಾಲದೊಳಗೆ ಸಿಡಿದರೆ ಬದಲಿ ಕೊಡಲಾಗುವುದು. ನನ್ನ ಗಿರಾಕಿಗಳಿಗೆ ನಾನು ಮೊದಲು ಓದಿ ಹೇಳುವುದು ಇದನ್ನೇ. ಅಂಗಡಿಯಲ್ಲಿ ಕೊಂಡ ಟೈಲ್ಸಿಗೆ ಯಾರೂ ಮಳೆಗಾಲದ ಖಾತ್ರಿ ಕೊಟ್ಟಿದ್ದು ನಾನು ನೋಡಿಲ್ಲ.

ಸೋಸುವ ಕೆಲಸಕ್ಕೆ ಹೆಚ್ಚಿನ ದಿನ ಹಿಡಿಯುತ್ತದೆ, ನೀರೂ ಬೇಕು. ರೇಟು 45ರಿಂದ 60ಕ್ಕೆ ಏರಿದೆ. ಕೆಲವರು ಹಿಂದೆ ಸರಿದರು. ಮಗನಿಗೆ ಗ್ಯಾಸ್ ಭಟ್ಟಿ ಹಾಕುವ ಹುಚ್ಚು. ಸಾಲ ತೆಗೆದು ಹಾಕೋಣ ಅನ್ನುತ್ತಾನೆ. ಅಪ್ಪನಿಗೆ ಮನಸ್ಸಿಲ್ಲ. ಗ್ಯಾಸಿನ ಬೆಲೆ ಏರಿದರೆ ರೇಟೂ ಏರಿಸಬೇಕಲ್ಲ, ಜಾಲಿ ಕಟ್ಟಿಗೆ ಕಡಿದಷ್ಟೂ ಚಿಗುರುತ್ತದೆ ಅನ್ನುವುದು ಅವರ ವಾದ. ನನಗೆ ಕೇಳಿದರೆ, ವರ್ಷಕ್ಕೆ ಇಂತಿಷ್ಟು ಆರ್ಡರ್ ಅಂತ ಖಾತ್ರಿ ಇಲ್ಲದೆ ಗ್ಯಾಸ್ ಭಟ್ಟಿ ಬೇಡ. ಸೋಸುವ ತೊಟ್ಟಿ ಇನ್ನೆರಡು ಕಟ್ಟಿಸಿದರೆ ಅದೇ ದೊಡ್ಡ ಲಾಭ.

ಮುಂದಿನ ಮಳೆಗಾಲ ಕಳೆಯಿತು. ಬದಲಿಸಿದ ಟೈಲ್ಸಿನಲ್ಲಿ ಒಂದೂ ಸಿಡಿಯಲಿಲ್ಲ. ಹಳೆಯವುಗಳಲ್ಲಿ ಇನ್ನೂ ನಾಲ್ಕಾರು ಗುಳಿ ಬಿದ್ದವು, ಅವನ್ನೂ ಬದಲಿಸಿದರು. ಮಾಲೀಕರು 9,000 ಕೊಟ್ಟರು. ಈಗ ಕಂಪೌಂಡಿನ ಕಂಬಗಳಿಗೂ ಅದೇ ಬಳ್ಳಿ ಬೇಕಂತೆ. ಹಳೇ ಗಿರಾಕಿ ಅಂತ 45ಕ್ಕೇ ಕೊಡಿ ಅನ್ನುತ್ತಿದ್ದಾರೆ. ಯಜಮಾನರು 60ರಿಂದ ಕೆಳಗೆ ಇಳಿದಿಲ್ಲ. ದೀಪಾವಳಿಯ ಹಣತೆ ಮುಗಿದ ಮೇಲೆ ನೋಡೋಣ ಅಂದಿದ್ದಾರೆ.